ಮುಂದಿನ ಗಾಲಿಗಳ ಮೇಲೆ ಕೊಪ್ಪಳಕ್ಕೆ

ಅದು 1979ನೇ ಇಸವಿ. ತಿಂಗಳು ಫೆಬ್ರವರಿಯೋ ಮಾರ್ಚೋ ಖಚಿತವಿಲ್ಲ. ದಾರಿಯ ಎರಡೂ ಬದಿ ಕಣಗಳಲ್ಲಿ ಜೋಳದ ರಾಶಿ ನಡೆದಿದ್ದು ಕಣ್ಣಿಗೆ ಕಟ್ಟಿದಂತಿದೆ, ಅದರ ಆಧಾರದ ಮೇಲೆ ಹೀಗೆ ಊಹಿಸುತ್ತೇನೆ. ನಾನು ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದಿ, ಕೊಪ್ಪಳದಲ್ಲಿ ಅಂತರ್ಜಲ ಸಮೀಕ್ಷೆಯ ಒಂದು ತಾತ್ಕಾಲಿಕ ಹುದ್ದೆಯಲ್ಲಿದ್ದೆ. ಊರೂರು ತಿರುಗಿ ಬಾವಿಗಳ ನೀರಿನ ಮಟ್ಟ ಅಳೆಯುವುದು ಕೆಲಸ. ತಿರುಗಲು ಒಂದು ಹಳೆಯ ಜೀಪು, ಅದಕ್ಕೆ ಮಾಬುಸಾಬ ಎಂಬ ಚಾಲಕ.

ಜೀಪಿನ ವಯಸ್ಸು ಯಾರಿಗೂ ಗೊತ್ತಿರಲಿಲ್ಲ. ಮಾಬುಸಾಬನಿಗೆ ನಲವತ್ತರ ಆಸುಪಾಸು. ಆತನೂ ನನ್ನಂತೆ ತಾತ್ಕಾಲಿಕ. ಜೀಪು ಇರುವವರೆಗೆ ಆತನ ಕೆಲಸ, ಅಷ್ಟೇ. ಆ ವಾರ ನಮ್ಮ ಮೇಲಧಿಕಾರಿಗಳು ಕೊಪ್ಪಳಕ್ಕೆ ಬರುವವರಿದ್ದರು. ಜೀಪು ಇಟ್ಟುಕೊಳ್ಳುವುದೋ ಗುಜರಿಗೆ ಹಾಕುವುದೋ ನೋಡಿ ಹೇಳುತ್ತೇನೆ ಎಂದಿದ್ದರಂತೆ. "ತನ್ನ ಗಾಲಿ ಮ್ಯಾಲ ತಾನ ನಡಕೊಂಡ ಬಂದ್ರ ಇರ್ಲಿ, ಹಗ್ಗ ಕಟ್ಟಿ ಎಳಕೊಂಡ ಬಂದ್ರ ಗುಜರಿಗೆ ಅಂದಾರ್ರಿ ಸರ" ಎಂದು ಮಾಬುಸಾಬ ನನಗೆ ಎರಡು ಮೂರು ಸಲ ಹೇಳಿದ್ದ. ಅವರು ಬರುವ ಹಿಂದಿನ ದಿನ ನಾವಿಬ್ಬರೂ ಹನುಮಸಾಗರದ ಕಡೆಯ ಬಾವಿಗಳನ್ನು ಮುಗಿಸಿ ಕುಷ್ಟಗಿಯ ಮೇಲೆ ಹಾಯ್ದು ಕೊಪ್ಪಳಕ್ಕೆ ಮರಳಬೇಕಿತ್ತು.

ಹನುಮಸಾಗರ ಬಿಡುವಾಗ ಹನುಮವ್ವ ಎಂಬ ಮುದುಕಿ ದಾರಿಗೆ ಅಡ್ಡ ನಿಂತು ಕೈ ಮಾಡಿದಳು. ಕುಷ್ಟಗಿಯಲ್ಲಿರುವ ಮಗಳ ಮನೆಗೆ ಹೋಗಬೇಕಂತೆ, ಬಸ್ಸು ತಪ್ಪಿತಂತೆ. ತಲೆಯ ಮೇಲೆ ಬುಟ್ಟಿ, ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ. ಹಿಂದಿನ ಸೀಟಿನಲ್ಲಿ ಕೂತವಳು ಬಾಯಿ ಮುಚ್ಚಲಿಲ್ಲ. ಕಿವಿ ಸ್ವಲ್ಪ ಮಂದ, ಹಾಗಾಗಿ ನಾವು ಕೊಟ್ಟ ಉತ್ತರಗಳ ಅಗತ್ಯವೂ ಅವಳಿಗಿರಲಿಲ್ಲ.

ಊರಿನಿಂದ ಸ್ವಲ್ಪ ದೂರ ಬಂದ ಮೇಲೆ ಜೀಪಿನ ಹೊಟ್ಟೆಯೊಳಗೆ ಟಕ್ ಎಂದು ಗಟ್ಟಿ ಸಪ್ಪಳವಾಯಿತು. ಇಂಜಿನ್ ಜೋರಾಗಿ ಕೂಗಿತು, ಗಾಡಿ ಮಾತ್ರ ನಿಧಾನವಾಗಿ ನಿಂತಿತು. ಮಾಬುಸಾಬ ಒಂದನೇ ಗೇರು ಹಾಕಿದ, ಎರಡನೆಯದು ಹಾಕಿದ. ಏನೂ ಇಲ್ಲ. ಇಂಜಿನ್ ಒಂದೇ ಓಡುತ್ತಿದೆ.

"ಹೋತ್ರಿ ಸರ. ಗೇರ್ ಬಾಕ್ಸ್ ಹೋತು" ಎಂದು ಸ್ಟೇರಿಂಗ್ ಮೇಲೆ ಹಣೆ ಇಟ್ಟ. "ಗೇರ್ ಬಾಕ್ಸ್ ಹೋತಂದ್ರ ಗಾಡೀನೂ ಹೋತು, ನಾನೂ ಹೋದೆ."

"ಯಾರ ಹೋದ್ರೋ ಯಪ್ಪಾ?" ಎಂದಳು ಹಿಂದಿನಿಂದ ಹನುಮವ್ವ.

ಕೇಳಿದ್ದನ್ನೆಲ್ಲ ಅನುಮಾನಿಸುವುದು ನನ್ನ ಸ್ವಭಾವ. ವಿಶ್ವವಿದ್ಯಾಲಯ ನನಗೆ ಕೊಟ್ಟಿದ್ದು ಬಹುಶಃ ಅದೊಂದೇ. ಸದ್ದು ಕೇಳಿ ತೀರ್ಪು ಕೊಡುವುದು ಬೇಡ, ಒಂದೊಂದಾಗಿ ನೋಡೋಣ ಎಂದೆ. ಮಾಬುಸಾಬನನ್ನು ಗೇರು ಹಾಕಿ ಕೂರಲು ಹೇಳಿ ನಾನು ಪಕ್ಕದಲ್ಲಿ ನೆಲಕ್ಕೆ ಮಲಗಿ ಜೀಪಿನ ಕೆಳಗೆ ನೋಡಿದೆ. ಇಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಶಾಫ್ಟು ಗರಗರ ತಿರುಗುತ್ತಿತ್ತು. ಗಾಲಿಗಳು ಅಲುಗಾಡುತ್ತಿರಲಿಲ್ಲ. ಶಾಫ್ಟು ತಿರುಗುತ್ತಿದೆ ಎಂದರೆ ಕ್ಲಚ್ಚೂ ಸರಿ, ಗೇರ್ ಬಾಕ್ಸೂ ಸರಿ. ಮುರಿದಿರುವುದು ಅದರಾಚೆ, ಹಿಂದಿನ ಗಾಲಿಗಳ ನಡುವಿನ ಆಕ್ಸಲ್ಲಿನಲ್ಲಿ.

ಹೇಳಿದಾಗ ಮಾಬುಸಾಬ ನಂಬಲಿಲ್ಲ. ತಾನೂ ಇಳಿದು, ನನ್ನನ್ನು ಸೀಟಿನಲ್ಲಿ ಕೂರಿಸಿ, ಕೆಳಗೆ ನೋಡಿದ. ಮೇಲೆದ್ದಾಗ ಅವನ ಮುಖ ಬೇರೆಯಾಗಿತ್ತು. "ಹೌದ ನೋಡ್ರಿ! ಬರೇ ಆಕ್ಸಲ್ ಕಡದೈತಿ. ಹಂಗಾರ ಮುಂದಿನ ಗಾಲಿಗೆ ಹಾಕಿದ್ರ ನಡೀತೈತಿ!" ಮುಂದಿನ ಗಾಲಿಗಳಿಗೂ ಶಕ್ತಿ ಕೊಡುವ ಸಣ್ಣ ಲಿವರನ್ನು ಎಳೆದ. ಜೀಪು ಮುಂದಕ್ಕೆ ಜಿಗಿಯಿತು. ಈ ಉಪಾಯ ಆತನದೇ ಎಂದು ನನ್ನ ನೆನಪು. ಆತ "ಅದು ನಿಮ್ದರಿ ಸರ" ಎನ್ನುತ್ತಾನೆ. ಅದಿರಲಿ.

ಹಿಂದಿನ ಶಾಫ್ಟು ಸುಮ್ಮನೆ ತಿರುಗುತ್ತ ಒಳಗಿನ ಹಲ್ಲುಗಳನ್ನು ಪುಡಿ ಮಾಡದಿರಲಿ ಎಂದು ಅದನ್ನು ಬಿಚ್ಚಿ ಹನುಮವ್ವನ ಕಾಲ ಬಳಿ ಇಟ್ಟೆವು.

"ಇದೇನೋ ಇದು, ಗಾಡಿ ಎಲುಬು ಬಿಚ್ಚಿ ನನ್ನ ಬುಟ್ಟಿ ಕಡೆ ಇಡಾಕತ್ತೀರಿ?"

"ಹಿಂದಿನ ಕಾಲು ಬಿದ್ದಾವಬೇ ಅವ್ವಾ. ಮುಂದಿನ ಕಾಲಿನ ಮ್ಯಾಲ ಹೋಗಾಕತ್ತೀವಿ" ಎಂದು ಮಾಬುಸಾಬ ಅವಳ ಕಿವಿಯ ಹತ್ತಿರ ಕೂಗಿದ.

"ನಮ್ಮ ಎತ್ತಿನ ಹಿಂದಿನ ಕಾಲು ಬಿದ್ರ ನಾವು ಅದರ ಮ್ಯಾಲ ಕುಂದ್ರೂದಿಲ್ಲಪ್ಪ" ಎಂದಳು. ಇಳಿಯಲಿಲ್ಲ ಮಾತ್ರ.

ಹೀಗೆ ಮೆಲ್ಲಗೆ ಸಾಗಿ ಒಂದು ಹಳ್ಳಕ್ಕೆ ಬಂದೆವು. ನೀರಿಲ್ಲದ ಹಳ್ಳ, ಬರೀ ಉಸುಕು. ನಾನೂ ಹನುಮವ್ವನೂ ಇಳಿದು ನೂಕಿದೆವು. ಅಂತೂ ದಾಟಿ, ಆಚೆ ದಂಡೆಯ ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ರೇಡಿಯೇಟರ್ ಕುದಿದು ಹಬೆ ಎದ್ದಿತು. ಮಾಬುಸಾಬ ಅಲ್ಲೇ ನಿಲ್ಲಿಸಿದ.

"ನೀವು ನಿಮ್ಮ ಗಾಡಿ ನೋಡ್ಕೋರಿ, ನೀರು ನಾ ತರ್ತೀನಿ" ಎಂದು ಹನುಮವ್ವ ಡಬ್ಬಿ ತೆಗೆದುಕೊಂಡು ಹಳ್ಳಕ್ಕೆ ಇಳಿದಳು. ಉಸುಕಿನಲ್ಲಿ ಯಾರೋ ನೀರಿಗಾಗಿ ತೋಡಿದ ವರ್ತಿ, ಅಂದರೆ ಸಣ್ಣ ಗುಂಡಿ, ಇತ್ತು. ಅದರ ಮುಂದೆ ಕೂತು ಬೊಗಸೆ ಬೊಗಸೆಯಾಗಿ ನೀರು ತುಂಬತೊಡಗಿದಳು. ಬೆನ್ನು ನಮ್ಮ ಕಡೆ. ಜೀಪು ಹತ್ತಿ ಬಂದ ಜಾಡು ನೇರವಾಗಿ ಅವಳ ಬೆನ್ನಿಗೆ ಹೋಗಿ ಮುಟ್ಟುತ್ತಿತ್ತು.

ಮುಂದಿನದು ತಿಳಿಯಲು ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಜೀಪು ಚಾಲಕರಿಗೆಲ್ಲ ಒಂದು ರೂಢಿ ಇತ್ತು. ಹಳ್ಳದ ಉಸುಕು ದಾಟುವಾಗ ನಾಲ್ಕೂ ಗಾಲಿಗೆ ಶಕ್ತಿ ಕೊಡುವುದು, ದಾಟಿದ ಕೂಡಲೇ ಸಣ್ಣ ಲಿವರನ್ನು ತಳ್ಳಿ ಮತ್ತೆ ಹಿಂದಿನ ಎರಡಕ್ಕೆ ಮಾತ್ರ ತರುವುದು. ಗಟ್ಟಿ ನೆಲದಲ್ಲಿ ಹಾಗೇ ಬಿಟ್ಟರೆ ಲಿವರ್ ಬಿಗಿದು ಕೂರುತ್ತದೆ, ಪೆಟ್ರೋಲೂ ಹೆಚ್ಚು ಕುಡಿಯುತ್ತದೆ. ವರ್ಷಗಟ್ಟಲೆ ಮಾಡಿದ ಕೆಲಸ, ಕೈ ತಾನಾಗಿ ಹೋಗುತ್ತದೆ. ಮಾಬುಸಾಬ ಹ್ಯಾಂಡ್‌ಬ್ರೇಕ್ ಎಳೆದ, ಒಂದನೇ ಗೇರಿನಲ್ಲಿಟ್ಟ, ಇಂಜಿನ್ ಬಂದ್ ಮಾಡಿದ, ಹಳ್ಳ ದಾಟಿತಲ್ಲ ಎಂದು ಆ ಲಿವರನ್ನೂ ತಳ್ಳಿ ಇಳಿದ.

ಆ ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಹಿಡಿಯುವುದು ಗಾಲಿಯನ್ನಲ್ಲ, ಹಿಂದಿನ ಶಾಫ್ಟನ್ನು. ಆ ಶಾಫ್ಟು ಹನುಮವ್ವನ ಬುಟ್ಟಿಯ ಪಕ್ಕದಲ್ಲಿತ್ತು. ಲಿವರ್ ತಳ್ಳಿದ ಮೇಲೆ ಮುಂದಿನ ಗಾಲಿಗಳ ಸಂಬಂಧವೂ ಕಡಿದುಹೋಯಿತು. ಗೇರು, ಹ್ಯಾಂಡ್‌ಬ್ರೇಕು ಎರಡೂ ಇದ್ದವು, ಎರಡೂ ಗಾಳಿಯನ್ನು ಹಿಡಿದು ನಿಂತಿದ್ದವು. ಹಿಂದಿನ ಗಾಲಿ ಚಕ್ಕಡಿಯ ಜಾಡಿನ ಒಂದು ತಗ್ಗಿನಲ್ಲಿ ಕೂತಿದ್ದರಿಂದ ಮಾತ್ರ ಜೀಪು ತಕ್ಷಣ ಹೊರಳಲಿಲ್ಲ.

ಮಾಬುಸಾಬ ಬಾನೆಟ್ ಎತ್ತಲು ಜಗ್ಗಿದ. ಆ ಜಗ್ಗಿಗೆ ಗಾಲಿ ತಗ್ಗಿನಿಂದ ಹೊರಬಂತು. ಜೀಪು ಸದ್ದಿಲ್ಲದೆ ಹಿಂದಕ್ಕೆ ಹೊರಟಿತು.

"ಏ ಅವ್ವಾ! ಏಳ! ಏಳಬೇ!" ಇದನ್ನು ಕೂಗಿದವರು ಇಬ್ಬರೂ ಇರಬೇಕು. ಅವಳಿಗೆ ಕೇಳಲಿಲ್ಲ. ಆಮೇಲಿನದು ನನಗೆ ಹೀಗೆ ನೆನಪಿದೆ: ನಾನು ಪಕ್ಕದಲ್ಲಿ ಕಲ್ಲು ಹುಡುಕುತ್ತಿದ್ದೇನೆ, ಒಂದೂ ಕೈಗೆ ಸಿಗುತ್ತಿಲ್ಲ. ಮಾಬುಸಾಬ ಓಡಿ ಬಂದು ಸ್ಟೇರಿಂಗ್ ಹಿಡಿದು ಜೋತುಬಿದ್ದು, ಒಂದು ಕಾಲು ಒಳಗೆ ಹಾಕಿ ಬ್ರೇಕ್ ತುಳಿಯುತ್ತಿದ್ದಾನೆ. ಆ ಬ್ರೇಕ್ ಒಂದೇ ತುಳಿತಕ್ಕೆ ಹಿಡಿಯುವಂಥದ್ದಲ್ಲ, ಮತ್ತೆ ಮತ್ತೆ ತುಳಿಯುತ್ತಿದ್ದಾನೆ. ಜೀಪು ಉಸುಕಿನ ಅಂಚಿಗೆ ಬಂದು ನಿಂತಿತು.

ಹನುಮವ್ವ ಡಬ್ಬಿ ತುಂಬಿಸಿಕೊಂಡು ಎದ್ದು ತಿರುಗಿದಳು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರದಲ್ಲಿ ಜೀಪು. ಅದನ್ನು ನೋಡಿ, ನಮ್ಮನ್ನು ನೋಡಿ, ನಕ್ಕಳು.

"ಅಯ್ಯ, ಗಾಡಿ ಇಲ್ಲಿ ತನಕಾ ಯಾಕ ತಂದ್ರಿ ಯಪ್ಪಾ? ನಾನ ಏರಿ ಬರ್ತಿದ್ನೆಲ್ಲ! ಮುದುಕಿ ಏರು ಹತ್ತಬಾರದಂತ ತಂದ್ರೇನು? ನಿಮ್ಮ ಹೊಟ್ಟಿ ತಣ್ಣಗಿರ್ಲಿ!"

ಮಾಬುಸಾಬ ಡಬ್ಬಿ ಇಸಿದುಕೊಂಡ. ಅವಳು ಅಲ್ಲೇ ಬುಟ್ಟಿ ಬಿಚ್ಚಿ ರೊಟ್ಟಿ ಕೊಟ್ಟಳು. ಕುಷ್ಟಗಿ ಮುಟ್ಟುವವರೆಗೂ ಗಾಡಿ ತಂದ ಮಾತನ್ನೇ ಹೇಳಿದಳು, ಮಗಳ ಮನೆಯ ಮುಂದೆ ಇಳಿದ ಮೇಲೆ ಓಣಿಯವರನ್ನೆಲ್ಲ ಕರೆದು ಹೇಳಿದಳು: "ಸರಕಾರದ ಮಂದಿ ನೋಡ್ರಿ ಇವರು, ನನ್ನ ಸಲುವಾಗಿ ಗಾಡಿ ಹಿಂದ ತಂದ್ರು!"

ಸಂಜೆಗೆ ಕೊಪ್ಪಳ ಮುಟ್ಟಿದೆವು. ಮರುದಿನ ಮೇಲಧಿಕಾರಿಗಳು ಜೀಪಿನ ಸುತ್ತ ಒಮ್ಮೆ ತಿರುಗಿ, "ನಡೆದುಕೊಂಡು ಬಂದಿದೆಯಲ್ಲ" ಎಂದರು. ಎಷ್ಟು ಗಾಲಿಯ ಮೇಲೆ ಎಂದು ಕೇಳಲಿಲ್ಲ. ಹೊಸ ಆಕ್ಸಲ್ ಬಂತು, ಮಾಬುಸಾಬ ಉಳಿದ. ನಾನು ಮುಂದೆ ಬೇರೆ ಕೆಲಸ ಹಿಡಿದು ಹೋದೆ. ಈ ಪ್ರಸಂಗವನ್ನು ಹಲವರಿಗೆ ಹೇಳಿದ್ದೇನೆ, ಪ್ರತಿ ಸಲವೂ ಜೀಪಿಗೆ ಹಾರಿದವನು ಮಾಬುಸಾಬನೇ.

1986ರಲ್ಲಿ ಗಂಗಾವತಿಯ ಬಸ್ ನಿಲ್ದಾಣದಲ್ಲಿ ಆತ ಸಿಕ್ಕ. ಅಷ್ಟರಲ್ಲಿ ಆತನ ಕೆಲಸ ಕಾಯಂ ಆಗಿತ್ತು. ಚಹಾ ಕುಡಿಯುತ್ತ ಜೊತೆಗಿದ್ದ ಗೆಳೆಯನಿಗೆ ನನ್ನನ್ನು ಪರಿಚಯಿಸಿದ: "ಆವತ್ತ ಹಾರಿ ಬ್ರೇಕ್ ತುಳದವ್ರು ಇವರ ನೋಡಲೇ. ಆ ಮುದುಕಿನ್ನ ಉಳಿಸಿದವ್ರು, ನನ್ನ ನೌಕರಿ ಉಳಿಸಿದವ್ರು."

"ಹಾರಿದ್ದು ನೀನಲ್ಲೇನೋ ಮಾರಾಯ?" ಎಂದೆ.

"ಎಲ್ಲೀದ್ರಿ ಸರ! ನಾ ಬಾನೆಟ್ ಕೊಂಡಿ ಹಿಡಕೊಂಡ ಕಲ್ಲ ಆದಂಗ ನಿಂತಿದ್ನಿ. ನಿಮ್ಮ ಮೊಣಕಾಲ ಕೆಳಗ ಕೆತ್ತಿ ರಕ್ತ ಬಂದಿತ್ತು, ನಾನ ಅರಿವಿ ಕಟ್ಟಿನಿ. ನೆನಪಿಲ್ಲೇನು?"

ನನ್ನ ಬಲಗಾಲಿನಲ್ಲಿ ಒಂದು ಗಾಯದ ಗುರುತಿದೆ, ನಿಜ. ಅದು ಸಾಣಾಪುರದ ಬಂಡೆಗಳ ಮೇಲೆ ಜಾರಿ ಬಿದ್ದಾಗ ಆದದ್ದು ಎಂದು ನಾನು ತಿಳಿದಿದ್ದೆ. ಆದರೆ ಸಾಣಾಪುರದಲ್ಲಿ ಬಿದ್ದ ದಿನ ಜೊತೆಗೆ ಯಾರಿದ್ದರು ಎಂದು ಯೋಚಿಸಿದರೆ ಯಾರೂ ನೆನಪಿಗೆ ಬರುವುದಿಲ್ಲ.

"ಆ ಅವ್ವನ್ನ ಕೇಳಿದ್ರ?" ಎಂದು ಗೆಳೆಯ ಕೇಳಿದ.

ಮಾಬುಸಾಬ ಬಿದ್ದು ಬಿದ್ದು ನಕ್ಕ. "ಆಕೀನ ಕೇಳಿದ್ರ ಇಬ್ಬರೂ ಕೂಡಿ ರಿವರ್ಸ್ ತಂದ್ರು ಅಂತಾಳ!"

ಜೀಪಿನಲ್ಲಿ ಏನು ಮುರಿದಿದೆ ಎಂಬುದನ್ನು ಕೆಳಗೆ ಬಗ್ಗಿ ನೋಡಿ ಹೇಳಿದ್ದೆ. ಹಾರಿದ್ದು ಯಾರು ಎಂಬುದನ್ನು ಎಲ್ಲಿ ಬಗ್ಗಿ ನೋಡಬೇಕೋ ತಿಳಿಯದು. ಏರಿನಲ್ಲಿ ನಿಂತ ಖಾಲಿ ಗಾಡಿ ಕಂಡರೆ ಈಗಲೂ ನನ್ನ ಬಲಗಾಲು ಬ್ರೇಕ್ ತುಳಿಯುವಂತೆ ತಾನಾಗಿ ನೆಲವನ್ನು ಒತ್ತುತ್ತದೆ. ಗಂಗಾವತಿಯಲ್ಲಿ ಆತ ಸಿಗುವ ಮೊದಲೂ ಹೀಗೆ ಒತ್ತುತ್ತಿತ್ತೇ ಎಂದು ಎಷ್ಟೋ ಸಲ ನೆನಪಿಸಿಕೊಳ್ಳಲು ನೋಡಿದ್ದೇನೆ. ಆಗಿಲ್ಲ.