ಗೇಟಿನ ಮುಂದಿನ ಕ್ಲಾಸು

ನಮ್ಮ ಸಮಾಜಶಾಸ್ತ್ರದ ಮೇಡಂ ಪೆನ್ನನ್ನು ತುರುಬಿಗೆ ಸಿಕ್ಕಿಸಿಕೊಂಡು ಕ್ಲಾಸಿಡೀ ಅದನ್ನೇ ಹುಡುಕುತ್ತಿದ್ದರು. ನಾವು ಏನೇ ಬರೆದೊಯ್ದರೂ ಅವರದು ಒಂದೇ ಮಾತು: "ನಿಂತು ನೋಡ್ರಿ, ಆಮ್ಯಾಲ ಬರೀರಿ."

ಅವರ ಸಂಶೋಧನೆ ಬೇಲೂರು ಕೈಗಾರಿಕಾ ಪ್ರದೇಶದ ಕಾರ್ಮಿಕ ಹೆಂಗಸರ ಬಗ್ಗೆ. ಪಾಳಿ ಮುಗಿಸಿದವರು ಬಸ್ಸಿಗಾಗಿ ಹೆದ್ದಾರಿವರೆಗೆ ನಡೆಯಬೇಕಿತ್ತು. ಫ್ಯಾಕ್ಟರಿ ಗೇಟಿನ ಮುಂದೆಯೇ ಹಾದುಹೋದರೂ ಬಸ್ಸು ಅಲ್ಲಿ ನಿಲ್ಲುತ್ತಿರಲಿಲ್ಲ. ಮೇಡಂ ಸ್ಟಾಪಿಗಾಗಿ ಅರ್ಜಿ ಒಯ್ದರೆ, "ಅಲ್ಲಿ ಬಸ್ ಹತ್ತಾಕ ಮಂದಿನ ಇಲ್ರಿ" ಎಂದು ಬಸ್ ಡಿಪೋದ ಅಧಿಕಾರಿ ತಿರುಗಿ ಕಳಿಸಿದ.

"ಮಂದಿ ಬೇಕಂತ. ನಾಳಿಂದ ನಮ್ಮ ಕ್ಲಾಸ್ ಅಲ್ಲೇ," ಎಂದು ನಗುತ್ತ ಬಂದರು.

ಮರುದಿನ ಸಂಜೆ ನಾವು ಮೂವತ್ತು ಜನ ನೋಟ್‌ಬುಕ್ ಹಿಡಿದು ಆ ಹೆಂಗಸರೊಡನೆ ಗೇಟಿನ ಮುಂದೆ ನಿಂತೆವು. ಪಾಠ ನಡೆದಿತ್ತು. ಗುಂಪು ಕಂಡ ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ.

"ಇಲ್ಲಿ ಸಾಲಿ ಯಾವಾಗ ಆತ್ರಿ?" ಎಂದ ಕಂಡಕ್ಟರ್.

"ಇವತ್ತ ಚಾಲೂ ಆತ್ರಿ," ಎಂದು ಮೇಡಂ ಹೆಂಗಸರನ್ನು ಮೊದಲು ಹತ್ತಿಸಿದರು.

ತಿಂಗಳೊಪ್ಪತ್ತಿನಲ್ಲಿ ನಮ್ಮ ಪಾಠ ಮುಗಿಯಿತು. ಅಷ್ಟರಲ್ಲಿ ಬಸ್ಸಿಗೆ ಅಲ್ಲಿ ನಿಲ್ಲುವ ರೂಢಿಯಾಗಿತ್ತು.

ಮೊನ್ನೆ ಆ ದಾರಿಯಲ್ಲಿ ಬರುವಾಗ ಹೊಸ ಕಂಡಕ್ಟರ್ ಕೂಗಿದ: "ಸಾಲಿ ಸ್ಟಾಪ್! ಲಗೂ ಇಳೀರಿ!" ಕಿಟಕಿಯಿಂದ ಇಣುಕಿದೆ. ಶಾಲೆ ಎಲ್ಲೂ ಇರಲಿಲ್ಲ. ಹತ್ತಲು ನಿಂತ ಹೆಂಗಸರಿಗೆ ಮಾತ್ರ ಬಸ್ಸೇ ಸಾಲಲಿಲ್ಲ.