ಅಂಬಮ್ಮನ ಕಣ್ಣೊಳಗೆ ಕಂಡದ್ದು

ಕುದೂರಿನ ಕಡೆಯ ಬಯಲಲ್ಲಿ ಮದುವೆಯಾದಾಗಿನಿಂದ ಕುರಿ ಮೇಯಿಸಿಕೊಂಡು ಬಂದ ಅಂಬಮ್ಮನ ಪಾಲಿಗೆ ಕಾಯಿಲೆ ಎಂಬುದು ಕುರಿಗೆ ಬರುವಂಥದ್ದು, ತನಗಲ್ಲ. ಹಾಗಾಗಿ ಬೆಳಗೆದ್ದರೆ ತಲೆ ಸಿಡಿಯುವುದು, ಬಗ್ಗಿ ಎದ್ದರೆ ಒಂದು ಗಳಿಗೆ ಕಣ್ಣಿಗೆ ಕತ್ತಲೆ ಕವಿಯುವುದು ಶುರುವಾದಾಗ ಬಿಸಿಲನ್ನು ಬೈದಳು, ಪಿತ್ತವನ್ನು ಬೈದಳು, ಶುಂಠಿ ಕಷಾಯ ಕುಡಿದು ಸುಮ್ಮನಾದಳು. ಒಂದು ದಿನ ದೊಡ್ಡಿಯ ಬಾಗಿಲಲ್ಲೇ ವಾಂತಿ ಮಾಡಿಕೊಂಡು ಕುಸಿದಾಗ, ಗಂಡ ನರಸಯ್ಯ ಅವಳ ಮಾತು ಕೇಳದೆ ಬಸ್ಸು ಹತ್ತಿಸಿದ.

ಪೇಟೆಯಲ್ಲಿ ಸಣ್ಣ ಕ್ಲಿನಿಕ್ಕು ಇಟ್ಟಿದ್ದ ಡಾಕ್ಟರ್ ಅಮೂಲ್ಯ ಜ್ವರ, ಕೆಮ್ಮು, ಸಕ್ಕರೆ ಕಾಯಿಲೆ ನೋಡುವವರು, ಕಣ್ಣಿನ ಡಾಕ್ಟರಲ್ಲ. ಬಿ.ಪಿ. ನೋಡಿದರು, ಸರಿಯಾಗಿಯೇ ಇತ್ತು. ಆಮೇಲೆ ಮೊಬೈಲಿಗೆ ಜೋಡಿಸಿದ್ದ ಪುಟ್ಟ ಕ್ಯಾಮೆರಾ ತೆಗೆದು ಅವಳ ಕಣ್ಣಿನ ಹತ್ತಿರ ತಂದರು.

"ನೋವಿರೋದು ತಲೇಲಿ ಕಣವ್ವ. ಕಣ್ಣು ಚೆನ್ನಾಗೇ ಐತೆ."

"ತಲೆಯೊಳಗೆ ತೊಂದರೆ ಇದ್ರೆ ಕಣ್ಣಿನ ಹಿಂದುಗಡೆ ಗೊತ್ತಾಗುತ್ತೆ ಅಮ್ಮ. ಆ ಗೋಡೆ ನೋಡ್ತಿರಿ."

ಪರದೆಯ ಮೇಲೆ ಕಿತ್ತಳೆ ಬಣ್ಣದ ದುಂಡು ಚಿತ್ರ ಮೂಡಿತು. ರಕ್ತನಾಳಗಳು ಬೇರಿನಂತೆ ಹರಡಿದ್ದವು. ಅವು ಹೊರಟ ಜಾಗದಲ್ಲಿ ಕಣ್ಣಿನ ನರದ ಬುಡ ಅಂಚೇ ಕಾಣದಂತೆ ಊದಿಕೊಂಡಿತ್ತು. ಎರಡೂ ಕಣ್ಣಲ್ಲೂ ಹಾಗೇ. ಅಮೂಲ್ಯ ಆ ಚಿತ್ರಗಳನ್ನು ಬೆಂಗಳೂರಿನ ಕಣ್ಣಿನ ತಜ್ಞರೊಬ್ಬರಿಗೆ ಕಳಿಸಿದರು. ಸ್ವಲ್ಪ ಹೊತ್ತಿಗೇ ಫೋನು ಬಂತು: ತಲೆಯೊಳಗೆ ಒತ್ತಡ ಹೆಚ್ಚಿದೆ, ಇವತ್ತೇ ಸ್ಕ್ಯಾನ್ ಆಗಬೇಕು.

"ನಾಳಿಕ್ಕೆ ಹೋಯ್ತೀವಿ. ಕುರಿ ನೋಡ್ಕಳೋರು ಯಾರವ್ರೆ?" ಎಂದಳು ಅಂಬಮ್ಮ.

"ಪಕ್ಕದ್ಮನೆ ಹುಚ್ಚಯ್ಯ ನೋಡ್ಕತ್ತಾನೆ, ನಡಿಯಮ್ಮಿ!" ಎಂದ ನರಸಯ್ಯ. ಅವನು ಹಾಗೆ ಗದರಿದ್ದನ್ನು ಅವಳು ಎಂದೂ ಕೇಳಿರಲಿಲ್ಲ.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಮಾಡಿದ ಸ್ಕ್ಯಾನಿನಲ್ಲಿ ಮೆದುಳನ್ನು ಒತ್ತುತ್ತಿದ್ದ ಗಡ್ಡೆ ಕಂಡಿತು. ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ. ಆಪರೇಷನ್ ಮಾಡಿ ತೆಗೆದರು. ಇನ್ನೂ ತಡವಾಗಿದ್ದರೆ ದೃಷ್ಟಿ ಹೋಗುತ್ತಿತ್ತು, ಜೀವಕ್ಕೂ ಭರವಸೆ ಇರಲಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದಾಗ ನರಸಯ್ಯ ಗೋಡೆಗೆ ಒರಗಿ ಮಗುವಿನಂತೆ ಅತ್ತ.

ತಿಂಗಳುಗಳ ಮೇಲೆ, ಬೋಳಿಸಿದ ತಲೆಯಲ್ಲಿ ಕೂದಲು ಚಿಗುರುತ್ತಿದ್ದ ಹಾಗೆಯೇ ಅಂಬಮ್ಮ ಕ್ಲಿನಿಕ್ಕಿಗೆ ಬಂದು, "ಇನ್ನೊಂದ್ ದಪ ಪೋಟ ತಗಿಯವ್ವ" ಎಂದಳು. ಅಮೂಲ್ಯ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಊತ ಇಳಿದಿತ್ತು, ನರದ ಅಂಚು ಹುಣ್ಣಿಮೆ ಚಂದ್ರನಂತೆ ತಿಳಿಯಾಗಿ ಕಾಣುತ್ತಿತ್ತು. ಅಂಬಮ್ಮ ತುಂಬ ಹೊತ್ತು ನೋಡಿದಳು. ಆಮೇಲೆ ಅಮೂಲ್ಯರ ತಲೆಯ ಮೇಲೆ ಕೈಯಿಟ್ಟಳು.

"ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣ್ ಮಗ."

ಹೊರಗೆ ಬೆಂಚಿನ ಮೇಲೆ ಒಬ್ಬ ಹೆಂಗಸು ಹಣೆ ಹಿಡಿದುಕೊಂಡು ಕೂತಿದ್ದಳು. ಅಂಬಮ್ಮ ಹೋಗುವ ಮುಂಚೆ ಅವಳ ಹತ್ತಿರ ನಿಂತು, "ಕಣ್ಣಿಗೆ ಬೆಳಕು ಬುಡ್ತಾರೆ, ಅಷ್ಟೇಯ. ಎದರ್ಬ್ಯಾಡ, ಒಳಕ್ಕೋಗು" ಎಂದಳು.