ಸುಬ್ಬರಾಯಪ್ಪನ ಜೇಬಿನ ಫ್ಯೂಸು

ಆಂಡರ್ಸನ್‌ಪೇಟೆಯ ಎಲೆಕ್ಟ್ರಿಷಿಯನ್ ಸುಬ್ಬರಾಯಪ್ಪನಿಗೆ ಕರೆಂಟಿನ ಭಯಕ್ಕಿಂತ, ತಾನು ವೈರು ಹಿಡಿದಿರುವಾಗ ಯಾರಾದರೂ ಮೈನ್ ಸ್ವಿಚ್ ಹಾಕಿಬಿಟ್ಟರೆ ಎಂಬ ಭಯವೇ ಹೆಚ್ಚು. ಚಿನ್ನದ ಗಣಿಯಲ್ಲಿದ್ದ ಕಾಲದಿಂದಲೂ ಫ್ಯೂಸು ಕಿತ್ತು ಅಂಗಿಜೇಬಿಗೆ ಹಾಕಿಕೊಂಡ ಮೇಲೆಯೇ ಕೆಲಸ ಶುರು. ಕೇಳಿದರೆ ಜೇಬು ತಟ್ಟಿ, "ನನ್ ಪ್ರಾಣ ಇಲ್ಲೈತೆ" ಎನ್ನುತ್ತಾನೆ. ಕೆಲಸ ಮುಗಿಯುವ ಮುಂಚೆ ಅದನ್ನು ಗಣಿಯ ಸಾಹೇಬರಿಗೂ ಕೊಟ್ಟವನಲ್ಲ. ಒಮ್ಮೆ ಯಾರದೋ ಮನೆಯ ಫ್ಯೂಸು ಜೇಬಿನಲ್ಲೇ ಉಳಿದು, ಬಂಗಾರಪೇಟೆಯ ಮದುವೆಮನೆಯಲ್ಲಿ ಪಾಯಸ ಬಡಿಸುವಾಗ ನೆನಪಾಗಿ, ಎಲೆ ಬಿಟ್ಟು ಓಡಿಬಂದಿದ್ದ. ಮೊನ್ನೆ ಪಕ್ಕದ ಬೀದಿಯ ಕಲ್ಪನಳ ಅಡಿಗೆಮನೆಗೆ ಸ್ವಿಚ್ಚಿರುವ ಹೊಸ ಪ್ಲಗ್ ಪಾಯಿಂಟ್ ಹಾಕಲು ಹೋದ. ಹಳೆಯದಕ್ಕೆ ಸ್ವಿಚ್ಚೇ ಇರಲಿಲ್ಲ. ಮಿಕ್ಸಿಯ ಪ್ಲಗ್ ಕೀಳುವಾಗ ಶಾಕ್ ಹೊಡೆದು, ವಾರದಿಂದ ಆಕೆ ಲೈಟಿನ ಸ್ವಿಚ್ಚನ್ನೂ ಮುಟ್ಟಿರಲಿಲ್ಲ. ಅದನ್ನು ಕೇಳಿದ ಸುಬ್ಬರಾಯಪ್ಪ, ಕಿತ್ತ ಫ್ಯೂಸನ್ನು ಜೇಬಿಗೆ ಹಾಕದೆ ಆಕೆಯ ಅಂಗೈಯಲ್ಲಿಟ್ಟ. "ನಾನ್ ಕೇಳೋಗಂಟ ಯಾರ್ ಬಂದ್ರೂ ಕೊಡ್ಬ್ಯಾಡ ಕಣಮ್ಮ." ಕೆಲಸ ಮುಗಿಸಿ, "ಆಯ್ತು, ಈಗ ಫ್ಯೂಸು ಆಕಮ್ಮ" ಎಂದರೆ ಕಲ್ಪನ ಅಲುಗಲಿಲ್ಲ. "ಮೊದ್ಲು ಎರಡೂ ಕೈ ತೋರ್ಸು ತಾತ." ಸುಬ್ಬರಾಯಪ್ಪ ಎರಡೂ ಕೈ ಮೇಲೆತ್ತಿದ. ಆಕೆ ಹೋಗಿ ಫ್ಯೂಸು ಸಿಕ್ಕಿಸಿ, ಬಂದು ಹೊಸ ಸ್ವಿಚ್ಚನ್ನು ತಾನೇ ಒತ್ತುವವರೆಗೂ ಅವನು ಕೈ ಇಳಿಸಲಿಲ್ಲ.